ಮೂರನೆಯ ಅಧ್ಯಾಯದ ಬಗ್ಗೆ

ಪ್ರಿಯ ಮಿತ್ರರೇ,

ನಿಮ್ಮ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಶೀರ್ಷಿಕೆ, ಪ್ರಕಾಶಕರು, ಅಧ್ಯಾಯಗಳ ಅಳತೆ ಕುರಿತ ನಿಮ್ಮ ಪ್ರಶ್ನೆಗಳನ್ನು ಬದಿಗಿಡೋಣ. ಅವು ತಾವಾಗಿಯೇ ಬಗೆಹರಿಯುತ್ತವೆ. ನನ್ನ ತಕರಾರು ಇರುವುದು ಮೂರನೆಯ ಅಧ್ಯಾಯದ ಬಗ್ಗೆ.

1957ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಫಾಕ್ಸ್ ಚೇಸ್ ಭಾಗದಲ್ಲಿ, ಕೂಸಿನ ತೊಟ್ಟಿಲು ಬಂದಿದ್ದ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಸಿಕ್ಕಿದ ಬಾಲಕನ ಶವವನ್ನು ನೀವು ಚೆನ್ನಾಗಿಯೇ ಚಿತ್ರಿಸಿದ್ದೀರಿ: ಸುತ್ತಿದ್ದ ಕಂಬಳಿ, ಒರಟಾಗಿ ಕತ್ತರಿಸಿದ ಕೂದಲು, ಮೈಗೆ ಅಂಟಿಕೊಂಡೇ ಉಳಿದಿದ್ದ ಅದರ ಚೂರುಗಳು. ಆದರೆ ಮರುಪುಟದಲ್ಲೇ ಆ ಕೂದಲನ್ನು ಕತ್ತರಿಸಿದವರು ಯಾರು, ಅವರ ಕೈ ನಡುಗುತ್ತಿತ್ತೇ, ಮಗು ಕಡೆಗೆ ಏನೆಂದಿತು ಎಂಬುದೆಲ್ಲ ನಿಮಗೆ ಗೊತ್ತಾಗಿಬಿಟ್ಟಿದೆ. ಎಲ್ಲಿಂದ ಗೊತ್ತಾಯಿತು, ಸ್ವಾಮಿ?

ಯಾರಾದರೂ ಗುರುತು ಹಿಡಿದಾರೆಂದು ಪೊಲೀಸರು ಆ ಹುಡುಗನ ಶವಕ್ಕೆ ಬಟ್ಟೆ ತೊಡಿಸಿ, ಕೂರಿಸಿ ಫೋಟೊ ತೆಗೆದರು. ಸುಮಾರು 4 ಲಕ್ಷ ಕರಪತ್ರಗಳನ್ನು ಹಂಚಿದರು. ಯಾರೂ ಬರಲಿಲ್ಲ. ಬಂದದ್ದು ಕತೆಗಳು. 2002ರಲ್ಲಿ ಒಬ್ಬ ಮಹಿಳೆ ಅವನ ಹೆಸರು ಜೊನಾಥನ್ ಎಂದರು. ಆ ಕತೆಯಲ್ಲೂ ನಿಮ್ಮದರಲ್ಲಿರುವಂತೆಯೇ ನಂಬಿಸುವ ವಿವರಗಳಿದ್ದವು. ನಿಜವಾದ ಹೆಸರು ಬಂದದ್ದು ಬೇರೆಯೇ ದಾರಿಯಲ್ಲಿ. 2019ರಲ್ಲಿ ಎರಡನೆಯ ಬಾರಿ ಸಮಾಧಿಯನ್ನು ತೆರೆದು, ಶಿಥಿಲವಾಗಿದ್ದ ಅವಶೇಷದಿಂದ ಡಿಎನ್‌ಎ ತೆಗೆದು, ವಂಶಾವಳಿ ಹುಡುಕುವವರು ತಮ್ಮ ಡಿಎನ್‌ಎ ವಿವರ ಸೇರಿಸಿರುವ ದತ್ತಾಂಶದೊಡನೆ ಹೋಲಿಸಿ, ತಾಯಿಯ ಕಡೆಯ ನೆಂಟರನ್ನು ಹಿಡಿದು, ಅಲ್ಲಿಂದ ಜನನ ದಾಖಲೆಗೆ, ಅದರಲ್ಲಿದ್ದ ತಂದೆಯ ಹೆಸರಿಗೆ ತಲುಪಿದರು. 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಹೆಸರು ಜೋಸೆಫ್ ಆಗಸ್ಟಸ್ ಜರೆಲ್ಲಿ. ಹುಟ್ಟಿದ್ದು 1953ರ ಜನವರಿ 13. ತಂದೆತಾಯಿಯರ ಹೆಸರು ಕೈಯಲ್ಲಿದ್ದರೂ, ಬದುಕಿರುವ ಒಡಹುಟ್ಟಿದವರನ್ನು ನೆನೆದು ಪೊಲೀಸರು ಅಂದು ಅದನ್ನು ಹೇಳಲಿಲ್ಲ. ಕೊಂದವರ ಬಗ್ಗೆ ಅನುಮಾನಗಳಿವೆ ಎಂದಷ್ಟೇ ಹೇಳಿ ಸುಮ್ಮನಾದರು. ಅರವತ್ತೈದು ವರ್ಷ ಕಾದವರಿಗೆ ಸಾಧ್ಯವಾದ ಸಂಯಮ ನಿಮಗೆ ಒಂದು ಅಧ್ಯಾಯದ ಮಟ್ಟಿಗೂ ಸಾಧ್ಯವಾಗಲಿಲ್ಲವೇ?

ಗದರಿದೆನೆಂದು ಬೇಸರಿಸಬೇಡಿ. ನಿಮ್ಮ ವಯಸ್ಸಿನಲ್ಲಿ ನಾನು ಪತ್ರಿಕೆಯಲ್ಲಿ ಬಂದಿದ್ದ ನಾಲ್ಕು ಸಾಲಿನ ಸುದ್ದಿಯನ್ನು ಹಿಡಿದು, ಕೊಲೆಯಾದ ಗುರುತಿಲ್ಲದ ಹೆಂಗಸೊಬ್ಬಳ ಕತೆ ಬರೆದೆ. ಅವಳಿಗೊಬ್ಬ ಪ್ರಿಯಕರನನ್ನೂ ಎಡಗೈ ಮಣಿಕಟ್ಟಿನ ಮೇಲೊಂದು ಸುಟ್ಟ ಕಲೆಯನ್ನೂ ಕೊಟ್ಟೆ. ಬಹುಮಾನ ಬಂತು, ದನಿಯಿಲ್ಲದವಳಿಗೆ ದನಿಯಾದೆನೆಂದು ಹೊಗಳಿದರು, ನಾನೂ ನಂಬಿದೆ. ವರ್ಷದ ನಂತರ ಅಪರಿಚಿತರೊಬ್ಬರ ಕಾಗದ ಬಂತು. ಅವರ ಅಕ್ಕ ಕಾಣೆಯಾಗಿ ಆರು ವರ್ಷವಾಗಿತ್ತಂತೆ. ಅವಳ ಎಡಗೈಯಲ್ಲೂ ಸುಟ್ಟ ಕಲೆಯಿತ್ತಂತೆ. ಆ ವಿವರ ನನಗೆ ಎಲ್ಲಿ ಸಿಕ್ಕಿತೆಂದು ಕೇಳಿದ್ದರು. ಕಲೆ ನನ್ನ ಕಲ್ಪನೆಯದೆಂದು ಉತ್ತರಿಸಲು ನನಗೆ ಹನ್ನೊಂದು ದಿನ ಹಿಡಿಯಿತು. ಅವರು ಮತ್ತೆ ಬರೆಯಲಿಲ್ಲ.

ಹಸ್ತಪ್ರತಿಯನ್ನು ಇದರೊಂದಿಗೆ ಮರಳಿಸುತ್ತಿದ್ದೇನೆ. ಮೂರನೆಯ ಅಧ್ಯಾಯದ ಹಾಳೆಗಳನ್ನು ಮಾತ್ರ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಅದಿಲ್ಲದೆ ಒಮ್ಮೆ ಓದಿ ನೋಡಿ. ಆಮೇಲೂ ಬೇಕೆನಿಸಿದರೆ ಕಾಗದ ಹಾಕಿ, ಕಳಿಸುತ್ತೇನೆ.

ನಿಮ್ಮವ