ಎಐ ಬರೆದ ಬಾಡಿಗೆ ಕರಾರು: ಸಹಿಗೆ ಮುನ್ನ ನೋಡಬೇಕಾದ್ದು

ಮಾನ್ಯರೇ,

ಬಾಡಿಗೆ ಕರಾರನ್ನು ಚಾಟ್‌ಜಿಪಿಟಿಯಂಥ ಎಐ ಸಹಾಯಕದಿಂದ ಬರೆಸಿ, ಓದದೆಯೇ ಇ-ಸ್ಟಾಂಪ್ ಕಾಗದಕ್ಕೆ ಲಗತ್ತಿಸುವವರಿದ್ದಾರೆ. ಭಾಷೆಯೇನೋ ಅಚ್ಚುಕಟ್ಟಾಗಿರುತ್ತದೆ, ಎಡವಟ್ಟಾಗುವುದು ಅವಧಿ ಮತ್ತು ಅಡ್ವಾನ್ಸಿನ ವಿಷಯದಲ್ಲಿ.

1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ಒಂದು ವರ್ಷ ಮೀರಿದ ಅಥವಾ ವರ್ಷದಿಂದ ವರ್ಷಕ್ಕೆ ಸಾಗುವ ಗುತ್ತಿಗೆ ನೋಂದಣಿಯಾಗಲೇಬೇಕು. ಹನ್ನೊಂದು ತಿಂಗಳ ಕರಾರಿನ ರೂಢಿ ಬೆಳೆದದ್ದೇ ಇದರಿಂದ. ಎಐ ಮೊದಲ ಪುಟದಲ್ಲಿ ‘11 ತಿಂಗಳು’ ಎಂದು ಬರೆದು, ಕೊನೆಯಲ್ಲಿ ‘ವರ್ಷದಿಂದ ವರ್ಷಕ್ಕೆ ತಾನಾಗಿ ನವೀಕರಣ’ ಎಂಬ ಸಾಲು ಸೇರಿಸಿಬಿಡಬಹುದು. ಆಗ ನೋಂದಣಿಯ ತಕರಾರು ಏಳುತ್ತದೆ. ನೋಂದಣಿ ಬೇಕಿದ್ದೂ ಮಾಡಿಸದ ಪತ್ರದ ಷರತ್ತುಗಳನ್ನು 49ನೇ ಕಲಮಿನಂತೆ ನ್ಯಾಯಾಲಯ ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಜೂನ್ 1ಕ್ಕೆ ಶುರುವಾದ ಹನ್ನೊಂದು ತಿಂಗಳ ಕರಾರು ಏಪ್ರಿಲ್ 30ಕ್ಕೆ ಮುಗಿಯಬೇಕು. ತಿಂಗಳನ್ನು ನೀವೇ ಎಣಿಸಿ ನೋಡಿ.

‘ಕರಾರು ಬರೆದುಕೊಡು’ ಎಂದಷ್ಟೇ ಕೇಳಬೇಡಿ. ಬಾಡಿಗೆ, ಅಡ್ವಾನ್ಸ್, ನೋಟಿಸಿನ ಅವಧಿ, ಸುಣ್ಣಬಣ್ಣಕ್ಕೆ ಹಿಡಿದುಕೊಳ್ಳುವ ಮೊತ್ತ ಎಲ್ಲವನ್ನೂ ಮೊದಲೇ ಕೊಡಿ. ಕೊಡದಿದ್ದರೆ ಅದು ಊಹಿಸಿ ತುಂಬುತ್ತದೆ. ‘ಅಡ್ವಾನ್ಸ್ ಹಿಂತಿರುಗಿಸಲಾಗುವುದು’ ಎಂಬ ಸಾಲು ಸಾಲದು. ಬೀಗದ ಕೈ ಒಪ್ಪಿಸಿದ ಎಷ್ಟು ದಿನದೊಳಗೆ, ಯಾವ ಬಾಕಿ ಕಳೆದು ಎಂಬುದು ಬೇಕು. ಜಗಳ ಹುಟ್ಟುವುದೇ ಅಲ್ಲಿ.

ಪರಿಶೀಲನೆಗೆ ಎಐ ಚೆನ್ನಾಗಿ ಒದಗುತ್ತದೆ. ಒಂದೊಂದೇ ಷರತ್ತು ಕೊಟ್ಟು, ಇದರಿಂದ ಬಾಡಿಗೆದಾರನಿಗೇನು ನಷ್ಟ, ಮಾಲೀಕನಿಗೇನು ನಷ್ಟ ಎಂದು ಬೇರೆಬೇರೆಯಾಗಿ ಕೇಳಿ. ಅದು ಹೇಳುವ ಕಲಮನ್ನು ಕಾಯ್ದೆಗಳ ಪಠ್ಯವಿರುವ ಸರ್ಕಾರಿ ಜಾಲತಾಣ ‘ಇಂಡಿಯಾ ಕೋಡ್’ನಲ್ಲಿ ತೆರೆದು ನೋಡದೆ ನಂಬಬೇಡಿ. ಇಲ್ಲದ ತೀರ್ಪುಗಳನ್ನೂ ಎಐ ಧೈರ್ಯವಾಗಿ ಉಲ್ಲೇಖಿಸುವುದುಂಟು. ಆಧಾರ್, ಪ್ಯಾನ್ ಸಂಖ್ಯೆಗಳನ್ನು ಎಐಗೆ ಕೊಡದೆ ಜಾಗ ಖಾಲಿ ಬಿಟ್ಟು, ಮುದ್ರಿಸುವಾಗ ತುಂಬಿ.

– ವಕೀಲರೊಬ್ಬರು, ಬೆಂಗಳೂರು