ಬಾಲ ಅಂಟಿಸಿದ ಮಾತ್ರಕ್ಕೆ ಮಾರ್ಜಾಲ ಜನರಾಗುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುತ್ತಿರುವ ಮಾರ್ಜಾಲ ಜನರ ಧಾರಾವಾಹಿಯನ್ನು ಮೊದಲ ಕಂತಿನಿಂದಲೂ ಬಿಡದೆ ಓದುತ್ತಿದ್ದೇನೆ. ಕಥೆಗಾರರಿಗೆ ಓದಿಸಿಕೊಂಡು ಹೋಗುವ ಕಲೆ ಸಿದ್ಧಿಸಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಸೃಷ್ಟಿಸಿದ ಜನಾಂಗ ಕಿವಿ, ಬಾಲ ಅಂಟಿಸಿಕೊಂಡ ಮನುಷ್ಯರದ್ದೇ. ಬೆಕ್ಕಿನ ಮೈ ಕೊಟ್ಟ ಮೇಲೆ ಆ ಮೈಯ ತಾಪತ್ರಯಗಳನ್ನೂ ಕೊಡಬೇಕಲ್ಲವೇ? ಪಶುವೈದ್ಯೆಯಾಗಿ ದುಡಿದು ನಿವೃತ್ತಳಾದ ನನಗೆ ಇದನ್ನು ನೋಡಿಕೊಂಡು ಸುಮ್ಮನಿರಲು ಆಗುತ್ತಿಲ್ಲ.

ಪಟ್ಟಾಭಿಷೇಕದ ಔತಣದಲ್ಲಿ ಎಲ್ಲರೂ ಜೇನು ಸವಿದು ಮೀಸೆ ನೆಕ್ಕಿಕೊಳ್ಳುತ್ತಾರೆ. ಬೆಕ್ಕಿನ ನಾಲಿಗೆಗೆ ಸಿಹಿಯೇ ತಿಳಿಯುವುದಿಲ್ಲ. ಸಿಹಿಯನ್ನು ಗುರುತಿಸುವ ಗ್ರಾಹಕಕ್ಕೆ ಬೇಕಾದ ಎರಡು ವಂಶವಾಹಿಗಳಲ್ಲಿ ಒಂದು ಬೆಕ್ಕಿನಲ್ಲಿ ಕೆಟ್ಟು ಕೂತಿದೆ ಎಂಬುದು 2005ರಲ್ಲೇ ಗೊತ್ತಾಗಿದೆ. ಹುಲಿ, ಚೀತಾಗಳ ಕಥೆಯೂ ಅಷ್ಟೇ. ಇನ್ನು ಕಂದಮೂಲ ತಿಂದು ತಪಸ್ಸು ಮಾಡುವ ಆ ಮಾರ್ಜಾಲ ಋಷಿ! ಮಾಂಸದಲ್ಲಿರುವ ಟಾರಿನ್ ಎಂಬ ಅಂಶವನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಸಾಕಷ್ಟು ತಯಾರಿಸಿಕೊಳ್ಳಲು ಬಾರದು. ಅದು ಸಿಗದಿದ್ದರೆ ಕಣ್ಣಿನ ಅಕ್ಷಿಪಟಲವೂ ಹೃದಯವೂ ಹಾಳಾಗುತ್ತವೆ. ಕಥೆಗಾರರ ಋಷಿಗೆ ದಿವ್ಯದೃಷ್ಟಿ ದೊರೆಯುವ ಮುನ್ನ ಇದ್ದ ದೃಷ್ಟಿಯೇ ಹೋಗಿರುತ್ತದೆ. ಹಾಗೆ ನೋಡಿದರೆ ಇದರಲ್ಲಿಯೇ ಒಂದು ಒಳ್ಳೆಯ ಕಥೆಯಿತ್ತು: ಕೊಲ್ಲದೆ ಬದುಕಲಾಗದ ಜನರ ಧರ್ಮ ಎಂಥದ್ದಿರಬಹುದು? ಅವರಿಗೆ ಅಹಿಂಸೆ ಒಂದು ವ್ರತವಲ್ಲ, ಆತ್ಮಹತ್ಯೆ. ಪಾಪಪುಣ್ಯದ ಲೆಕ್ಕವನ್ನು ಅವರು ಬೇರೆಯದೇ ರೀತಿಯಲ್ಲಿ ಬರೆದುಕೊಂಡಿರಬೇಕು.

ನನ್ನ ದೊಡ್ಡ ತಕರಾರು ರಾಜವಂಶದ ಬಗ್ಗೆ. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಸಿಂಹಾಸನವಂತೆ. ಬೆಕ್ಕಿನ ಒಂದೇ ಹೆರಿಗೆಯ ಮರಿಗಳಿಗೆ ಬೇರೆ ಬೇರೆ ತಂದೆಯರು ಇರಬಹುದು. ಗಂಡು ಸಾಮಾನ್ಯವಾಗಿ ಮರಿಗಳತ್ತ ತಿರುಗಿಯೂ ನೋಡುವುದಿಲ್ಲ. ಗುಂಪಾಗಿ ಬದುಕುವ ಬೆಕ್ಕುಗಳಲ್ಲಿ ತಾಯಿ, ಅಕ್ಕತಂಗಿಯರು ಒಬ್ಬರ ಮರಿಗೆ ಇನ್ನೊಬ್ಬರು ಹಾಲೂಡಿಸುತ್ತಾರೆ. ಸಿಂಹದ ಹಿಂಡಿನ ಬೆನ್ನೆಲುಬೂ ರಕ್ತಸಂಬಂಧದ ಹೆಣ್ಣುಗಳೇ, ಗಂಡುಗಳು ಬಂದು ಹೋಗುವವರು. ಇಂಥ ಜನರಲ್ಲಿ ಅಪ್ಪನ ಹೆಸರು ಕೇಳುವುದೇ ಅಸಭ್ಯತೆಯಾಗಿದ್ದೀತು. ಒಂದೇ ಮೊಲೆ ಹಾಲು ಕುಡಿದವರೆಲ್ಲ ಒಂದೇ ಗೋತ್ರ. ಆಸ್ತಿ ಅಂದರೆ ವಾಸನೆ ಹಚ್ಚಿ ಗುರುತು ಮಾಡಿದ ಗಡಿ, ಅದು ಅಜ್ಜಿಯಿಂದ ಮೊಮ್ಮಗಳಿಗೆ. ಜೊತೆಗೆ ಯುವರಾಜನಿಗೆ ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ ಬಳಿದಿದ್ದಾರೆ. ತ್ರಿವರ್ಣದ ಬೆಕ್ಕುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ಅಪರೂಪಕ್ಕೆ ಗಂಡು ಹುಟ್ಟಿದರೆ ಸಾಮಾನ್ಯವಾಗಿ ಅದಕ್ಕೆ ಸಂತಾನಶಕ್ತಿ ಇರುವುದಿಲ್ಲ. ವಂಶ ಬೆಳಗಬೇಕಾದ ಕುಮಾರನನ್ನು ಕಥೆಗಾರರು ತಮಗೇ ಅರಿವಿಲ್ಲದೆ ನಿಸ್ಸಂತಾನಿಯಾಗಿಸಿದ್ದಾರೆ!

ಗ್ರಂಥಾಲಯದ ದೃಶ್ಯ ಸೊಗಸಾಗಿದೆ, ಒಪ್ಪುತ್ತೇನೆ. ಆದರೆ ಬೆಕ್ಕಿಗೆ ಮೂಗಿನ ಮುಂದಿನ ಒಂದು ಗೇಣಿನಷ್ಟು ದೂರ ಮಸುಕು ಮಸುಕು. ಆ ಕೊರತೆಯನ್ನು ಮೀಸೆ ತುಂಬುತ್ತದೆ. ಬೇಟೆಯನ್ನು ಕಚ್ಚುವ ಗಳಿಗೆಯಲ್ಲಿ ಮೀಸೆಯ ಕೂದಲುಗಳೆಲ್ಲ ಮುಂದಕ್ಕೆ ಬಾಗಿ ಹಿಡಿದ ವಸ್ತುವನ್ನು ತಡವುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮುಂಗಾಲಿನ ಹಿಂಬದಿಯಲ್ಲಿಯೂ ಅಂಥದ್ದೇ ಕೂದಲುಗಳಿವೆ. ಹಾಗಾದರೆ ಅವರ ಲಿಪಿ ಶಾಯಿಯಲ್ಲಿ ಏಕಿರಬೇಕು? ಮರದಲ್ಲಿ ಉಗುರಿನಿಂದ ಕೆತ್ತಿ, ಮೀಸೆಯಿಂದ ಸವರಿ ಓದುವ ಲಿಪಿ ಇರಲಿ. ದೀಪವಿಲ್ಲದ ಗ್ರಂಥಾಲಯವಿರಲಿ.

ಮಾತಿನ ವಿಷಯಕ್ಕೂ ಇದೇ ಮಾತು. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಅನ್ನುವುದು ಕಡಿಮೆ, ಅದು ಬಹುಮಟ್ಟಿಗೆ ಮನುಷ್ಯರಿಗೆಂದೇ ಉಳಿಸಿಕೊಂಡ ದನಿ. ತಮ್ಮವರೊಡನೆ ಬಾಲ, ಕಿವಿ, ವಾಸನೆ, ನಿಧಾನವಾಗಿ ಮುಚ್ಚಿ ತೆರೆಯುವ ಕಣ್ಣು ಸಾಕು. ಹೊರಗಿನವರ ಮುಂದೆ ವಾಚಾಳಿ, ಮನೆಯೊಳಗೆ ಮೌನಿ: ಇಂಥ ಜನರನ್ನು ನಾನು ಯಾವ ಕಥೆಯಲ್ಲೂ ಓದಿಲ್ಲ. ಗುರುಗುಟ್ಟಿದರೆ ಸಂತೋಷ ಎಂದು ಕಥೆಗಾರರು ನಂಬಿದಂತಿದೆ. ಸಾಯುವ ಹೊತ್ತಿನ ನೋವಿನಲ್ಲಿಯೂ ನನ್ನ ಮೇಜಿನ ಮೇಲೆ ಬೆಕ್ಕುಗಳು ಗುರುಗುಟ್ಟಿವೆ.

ಕಥೆಗಾರರು ಈ ಜನರಿಗೆ ಅಂಟಿಸಿದ ಕಳ್ಳರು, ಮೋಸಗಾರರು, ವಯ್ಯಾರಿಯರು ಎಂಬ ಹಣೆಪಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಂಚು ಹಾಕುವುದು ಬೇಟೆಗಾರರ ತಾಳ್ಮೆ, ಅದನ್ನು ಕಪಟ ಎನ್ನುವುದು ಇಲಿಯ ದೃಷ್ಟಿ.

ಕಲ್ಪನೆಗೆ ಕಡಿವಾಣ ಬೇಡವೆಂದು ಯಾರಾದರೂ ಹೇಳಬಹುದು. ಮೃಗವನ್ನೂ ಮನುಷ್ಯನನ್ನೂ ಬೆಸೆಯುವ ಆಸೆ ಹಳೆಯದೇ. ಜರ್ಮನಿಯ ಗುಹೆಯೊಂದರಲ್ಲಿ 1939ರಲ್ಲಿ ಸಿಕ್ಕ, ಮ್ಯಾಮತ್ ದಂತದಲ್ಲಿ ಕೆತ್ತಿದ ಸಿಂಹಮುಖದ ಮಾನವನಿಗೆ ಸುಮಾರು 40,000 ವರ್ಷ ವಯಸ್ಸು. ನರಸಿಂಹನ ಕಥೆಯನ್ನೇ ನೋಡಿ. ಆಯುಧವಲ್ಲ, ಉಗುರು. ಹಗಲಲ್ಲ, ಇರುಳಲ್ಲ, ಮುಸ್ಸಂಜೆ. ಮಾರ್ಜಾಲ ಕುಲದ ಎಷ್ಟೋ ಪ್ರಾಣಿಗಳು ಬೇಟೆಗೆ ಏಳುವ ಹೊತ್ತೇ ಅದು. ಹಿಂದಿನವರ ಕಲ್ಪನೆ ಪ್ರಾಣಿಯ ಸ್ವಭಾವಕ್ಕೆ ಬೆನ್ನು ಹಾಕಲಿಲ್ಲ.

ಮುಂದಿನ ಕಂತಿನಲ್ಲಿ ಮಹಾಯುದ್ಧ, ಸೈನ್ಯ ಮೂರು ಹಗಲು ಮರುಭೂಮಿಯಲ್ಲಿ ನಡೆದು ಗಡಿ ಮುಟ್ಟುತ್ತದೆ ಎಂದು ಪ್ರಕಟಿಸಿದ್ದೀರಿ. ಬೆಕ್ಕು ಬೆವರುವುದು ಮುಖ್ಯವಾಗಿ ಪಾದದ ಮೆತ್ತೆಗಳಲ್ಲಿ, ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗುತ್ತದೆ, ಅದರ ಓಟವೆಲ್ಲ ಕೆಲವೇ ಕ್ಷಣಗಳದ್ದು. ಆ ಸೈನ್ಯ ಮೊದಲ ಮಧ್ಯಾಹ್ನವೇ ನೆರಳು ಹುಡುಕಿ ಮಲಗೀತು. ಅಚ್ಚಿಗೆ ಇನ್ನೂ ಹೋಗಿಲ್ಲದಿದ್ದರೆ ದಯವಿಟ್ಟು ಕಥೆಗಾರರಿಗೆ ತಿಳಿಸಿ: ಅವರನ್ನು ನಡೆಸುವುದು ಬೇಡ, ಶತ್ರುವೇ ನಡೆದು ಬರಲಿ. ಇವರು ಬಂಡೆಗಳ ಸಂದಿಯಲ್ಲಿ, ಗಾಳಿಗೆ ಎದುರಾಗಿ ಕಾದು ಕೂರಲಿ.

— ನಿವೃತ್ತ ಪಶುವೈದ್ಯೆ