ಫ್ರಾಂಕ್ಲಿ ಎಂಬ ಮಾತು, ಹಿತ್ತಿಲಿನ ಪರಂಗಿ

ಪ್ರೀತಿಯ ಮಗಳೇ,

ಆಶೀರ್ವಾದಗಳು. ಕಳೆದ ಭಾನುವಾರ ಊಟಕ್ಕೆ ಕುಳಿತಾಗ ನೀನು, ‘ಫ್ರಾಂಕ್ಲಿ, ಈ ಹುಳಿ ಬಾಯಿಗಿಡುವ ಹಾಗಿಲ್ಲ’ ಎಂದೆಯಲ್ಲ, ನಿನ್ನಮ್ಮ ಮತ್ತೊಮ್ಮೆ ಬಡಿಸಲು ಎತ್ತಿದ ಸೌಟನ್ನು ಹಾಗೆಯೇ ಪಾತ್ರೆಗೆ ಇಳಿಸಿದಳು. ಆಮೇಲೆ ತಾನೂ ಆ ಹುಳಿ ಬಡಿಸಿಕೊಳ್ಳಲಿಲ್ಲ. ನೀನು ನೋಡಲಿಲ್ಲ, ನಾನು ನೋಡಿದೆ. ಅಂದಿನಿಂದ ಆ ‘ಫ್ರಾಂಕ್ಲಿ’ ಎಂಬ ಪದ ಮನಸ್ಸನ್ನು ಕೊರೆಯುತ್ತಿದೆ.

ಅದರ ಬೇರು ಒಂದು ಕುಲದ ಹೆಸರು. ಫ್ರಾಂಕರೆಂಬ ಜರ್ಮಾನಿಕ್ ಜನ 5ನೆಯ ಶತಮಾನದ ಕೊನೆ, 6ನೆಯ ಶತಮಾನದ ಮೊದಲಿಗೆ, ಕ್ಲೋವಿಸ್ ದೊರೆಯ ಕಾಲದಲ್ಲಿ, ಇಂದಿನ ಫ್ರಾನ್ಸ್ ಇರುವ ಗಾಲ್ ನಾಡಿನ ಬಹುಭಾಗವನ್ನು ಗೆದ್ದರು. ಫ್ರಾನ್ಸ್ ಎಂಬ ಹೆಸರೂ ಅವರದೇ. ಅಲ್ಲಿ ಯಾರ ಹಂಗೂ ಇಲ್ಲದೆ ಬದುಕುವ ಹಕ್ಕು ಇದ್ದದ್ದು ಗೆದ್ದ ಫ್ರಾಂಕರಿಗೆ, ಅವರ ಆಶ್ರಯ ಪಡೆದವರಿಗೆ. ಹೀಗೆ ಕುಲದ ಹೆಸರಿಗೇ ‘ಸ್ವತಂತ್ರ’ ಎಂಬ ಅರ್ಥ ಬಂತು. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ‘ಫ್ರಾಂಕ್’ ಎಂದರೆ ಸ್ವತಂತ್ರ, ಉದಾರಿ. ಮುಚ್ಚುಮರೆಯಿಲ್ಲದ ಮಾತು ಎಂಬ ಅರ್ಥ ಕೂಡಿಕೊಂಡದ್ದು 16ನೆಯ ಶತಮಾನದಲ್ಲಿ.

ನಮ್ಮ ‘ಧಾರಾಳ’ವನ್ನು ನೆನೆದುಕೋ. ಧಾರಾಳವಾಗಿ ಕೊಡುತ್ತೇವೆ, ಧಾರಾಳವಾಗಿ ಮಾತನಾಡುತ್ತೇವೆ. ಕೊಡುವ ಕೈಗೂ ಆಡುವ ಬಾಯಿಗೂ ಒಂದೇ ಪದ ಸಾಕೆಂದು ನಮ್ಮ ಹಿರಿಯರಿಗೂ ಅನ್ನಿಸಿತ್ತು ನೋಡು. ಇದು ಹೊಳೆದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನೀನೀಗ ದುಡಿಯುವವಳು. ಮನೆಯಲ್ಲಿ ನಿನಗೆ ಯಾರೂ ಎದುರಾಡುವುದಿಲ್ಲ. ತಿರುಗಿ ಉತ್ತರ ಕೊಡದವರ ಮುಂದೆ ನಿಂತು ಫ್ರಾಂಕ್ಲಿ ಎನ್ನುವಾಗ ಆ ಪದದೊಳಗಿನ ಔದಾರ್ಯವನ್ನು ಹೊರಗೆ ಬಿಟ್ಟು ಬರಬೇಡ. ಹುಳಿಗೆ ಉಪ್ಪು ಕಡಿಮೆಯಾಗಿದ್ದರೆ ಉಪ್ಪು ಕೇಳು. ಕಚೇರಿಯ ಸಭೆಯಲ್ಲಿ ಮೇಲಧಿಕಾರಿಯ ಲೆಕ್ಕ ತಪ್ಪೆಂದು ತಿಳಿದೂ ಸುಮ್ಮನಿದ್ದೆ ಎಂದು ಅದೇ ದಿನ ನನಗೆ ಹೇಳಿದೆಯಲ್ಲ, ಅಲ್ಲಿ ಹೇಳಮ್ಮಾ ಫ್ರಾಂಕ್ಲಿ ಎಂದು. ಎದೆ ನಡುಗಿದರೂ ಹೇಳು. ಆ ಧೈರ್ಯ ನಿನ್ನಲ್ಲಿ ಇದೆಯೆಂದು ನಾನು ಬಲ್ಲೆ.

ಆ ಫ್ರಾಂಕರ ಹೆಸರು ಅರಬರ, ಪರ್ಶಿಯನ್ನರ ಬಾಯಲ್ಲಿ ಯುರೋಪಿನವರಿಗೆಲ್ಲ ಅಂಟಿಕೊಂಡು, ‘ಫರಂಗಿ’ ಎಂದಾಗಿ ನಮ್ಮವರೆಗೂ ಬಂತು. ಪರದೇಶದವರು ಹಡಗಿನಲ್ಲಿ ತಂದ ಹಣ್ಣು ನಮಗೆ ಪರಂಗಿಯಾಯಿತು. ಹಿತ್ತಿಲಿನ ಗಿಡದಲ್ಲಿ ಎರಡು ಕಾಯಿ ಬಣ್ಣ ತಿರುಗಿವೆ. ಶನಿವಾರ ಬಂದಾಗ ನೀನೇ ಹೆಚ್ಚಿ, ಮೊದಲ ಹೋಳನ್ನು ನಿನ್ನಮ್ಮನಿಗೆ ಕೊಡು.

ಇಂತಿ,
ನಿನ್ನ ದೊಡ್ಡಪ್ಪ